‘ಮಿಸ್ಟರ್ ರೆನೆ’ ಎಂಬ ಹೆಣ್ಣುಮಗಳು

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕಿನ ಫಿಕ್ಷನ್ ಹೌಸ್ ಎಂಬ ಪ್ರಕಾಶನ ಸಂಸ್ಥೆಗೆ ‘ಮಿಸ್ಟರ್ ರೆನೆ’ಯವರ ಹೆಸರಿಗೆ ಓದುಗರ ಪತ್ರಗಳು ಬರುತ್ತಿದ್ದವು. ಈ ಸಂಸ್ಥೆ ಅಮೆರಿಕದಲ್ಲಿ ಹತ್ತು ಸೆಂಟಿಗೊಂದರಂತೆ ಕಾಮಿಕ್ಸ್ ಪುಸ್ತಕಗಳನ್ನು ಮಾರುತ್ತಿತ್ತು. ಅವುಗಳನ್ನು ಕೊಳ್ಳುತ್ತಿದ್ದವರಲ್ಲಿ ಹುಡುಗರು ಬಹಳ. ದೂರದ ರಣರಂಗದಲ್ಲಿದ್ದ ಸೈನಿಕರೂ ಕಡಿಮೆಯೇನಲ್ಲ. ಬಂದೂಕು ಹಿಡಿದು, ವಿಮಾನದಿಂದ ಜಿಗಿದು, ನಾಜಿಗಳ ಸಂಚನ್ನು ಬಯಲು ಮಾಡುವ ಒಬ್ಬ ಸಾಹಸಿ ಹೆಣ್ಣಿನ ಚಿತ್ರಕಥೆ ಅವರಿಗೆ ಹಿಡಿಸಿತ್ತು. ಚಿತ್ರದ ಮೂಲೆಯಲ್ಲಿ ‘ಎಲ್. ರೆನೆ’ ಎಂಬ ಸಹಿ ಇರುತ್ತಿತ್ತು. ಇಂಥ ಕಥೆಗೆ ಚಿತ್ರ ಬರೆಯುವವನು ಗಂಡಸೇ ಆಗಿರಬೇಕು ಎಂದು ಓದುಗರು ತಾವೇ ತೀರ್ಮಾನಿಸಿಕೊಂಡಿದ್ದರು.

ಆ ಸಹಿ ಲಿಲಿ ರೆನೆ ಎಂಬ ಯುವತಿಯದು. ವಿಯೆನ್ನಾದ ಯಹೂದಿ ಮನೆತನದವಳು. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಒಂದು ಸೂಟ್‌ಕೇಸಿನೊಂದಿಗೆ ಮನೆ ಬಿಟ್ಟವಳು. ಅವಳು ಚಿತ್ರಿಸಿದ ಕಥಾನಾಯಕಿಯ ಹೆಸರು ಸೆನ್ಯೊರೀಟಾ ರಿಯೋ.

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನಮ್ಮಲ್ಲಿನ ತಲೆಮಾರಿಗೆ ಫ್ಯಾಂಟಮ್ ಗೊತ್ತು, ಮ್ಯಾಂಡ್ರೇಕ್ ಗೊತ್ತು. ಆ ಕಥೆಗಳಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೆಂದಲ್ಲ. ಡಯಾನಾ ಧೈರ್ಯವಂತೆಯೇ, ನಾರ್ಡಾ ಕೂಡ ಸುಮ್ಮನೆ ಕೂರುವವಳಲ್ಲ. ಆದರೆ ಕಥೆ ಅವರದಲ್ಲ. ಮುಖಪುಟದಲ್ಲಿ ಹೆಸರು ಇರುವುದು ಗಂಡಸಿನದು, ಕೊನೆಯ ಪುಟದಲ್ಲಿ ಬಾಗಿಲು ಒಡೆದು ಒಳಬರುವವನೂ ಅವನೇ. ಹಾಗಾಗಿ ಕಾಮಿಕ್ಸ್ ಎಂದರೆ ಗಂಡುಮಕ್ಕಳ ಆಟದ ಬಯಲು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಈ ಕಲೆಯ ಮೊದಲ ದಶಕಗಳನ್ನು ತಿರುವಿ ನೋಡಿದರೆ ಬೇರೆಯೇ ಒಂದು ಚಿತ್ರ ಸಿಗುತ್ತದೆ.

1930ರ ದಶಕದ ಕೊನೆಯಲ್ಲಿ ಅಮೆರಿಕದ ಕಾಮಿಕ್ಸ್ ಪುಸ್ತಕೋದ್ಯಮ ಶುರುವಾದಾಗಲೇ ಸಾಹಸಿ ಸ್ತ್ರೀಯೂ ಅದರೊಳಗೆ ಬಂದಿದ್ದಳು. ಕಾಡಿನ ರಾಣಿ ಶೀನಾ 1937ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡು, ಮರುವರ್ಷ ಫಿಕ್ಷನ್ ಹೌಸ್‌ನ ‘ಜಂಬೋ ಕಾಮಿಕ್ಸ್’ ಮೂಲಕ ಅಮೆರಿಕಕ್ಕೆ ಬಂದಳು. 1942ರಲ್ಲಿ ಅವಳ ಹೆಸರಿನದೇ ಪ್ರತ್ಯೇಕ ಪುಸ್ತಕ ಹೊರಟಿತು. ಹೆಣ್ಣು ಪಾತ್ರವೊಂದರ ಹೆಸರು ಹೊತ್ತ ಮೊದಲ ಸಾಹಸ ಕಾಮಿಕ್ಸ್ ಪುಸ್ತಕ ಅದು. ವಂಡರ್ ವುಮನ್‌ಗಿಂತಲೂ ಕೆಲವು ತಿಂಗಳು ಮುಂಚೆ. ಶೀನಾ ಆಫ್ರಿಕಾದ ಕಾಡಿನಲ್ಲಿ ಬೆಳೆದ ಬಿಳಿಯ ಹೆಣ್ಣು. ಚಿರತೆಯ ತೊಗಲು ಉಟ್ಟು, ಈಟಿ ಹಿಡಿದು ಎಲ್ಲರನ್ನೂ ರಕ್ಷಿಸುತ್ತಾಳೆ. ಆದರೆ ಆ ಕಾಡಿನ ಮೂಲನಿವಾಸಿಗಳು ಅವಳ ಕಥೆಯಲ್ಲಿ ಹೆದರುವವರು, ಮೂಢರು, ಇಲ್ಲವೇ ಮೋಸಗಾರರು. ಹೆಣ್ಣಿಗೆ ಸಿಕ್ಕಿದ ಈ ಸಿಂಹಾಸನ ಕರಿಯರ ಬೆನ್ನಿನ ಮೇಲೆ ನಿಂತದ್ದು ಎಂಬುದನ್ನು ಮರೆತು ಶೀನಾಳನ್ನು ಹೊಗಳುವುದು ನನಗಂತೂ ಸಾಧ್ಯವಿಲ್ಲ.

ಪುಟದ ಮೇಲಿನ ನಾಯಕಿಗಿಂತ ಆ ಪುಟ ಬರೆದವಳ ಕಥೆ ಇನ್ನೂ ಕಠಿಣವಾಗಿತ್ತು. 1940ರ ಜೂನ್‌ನಲ್ಲಿ ‘ಬ್ರೆಂಡಾ ಸ್ಟಾರ್’ ಎಂಬ ಪತ್ರಕರ್ತೆಯ ಸಾಹಸ ಚಿತ್ರಕಥೆ ಆರಂಭಿಸಿದ ಡೇಲ್ ಮೆಸ್ಸಿಕ್‌ಳ ನಿಜ ಹೆಸರು ಡೇಲಿಯಾ. ಹೆಂಗಸಿನ ಹೆಸರು ನೋಡಿದರೆ ಸಂಪಾದಕರು ಲಕೋಟೆಯನ್ನೇ ಬಿಚ್ಚುವುದಿಲ್ಲ ಎಂಬುದನ್ನು ಅನುಭವದಿಂದ ಅರಿತು ಅವಳು ‘ಡೇಲ್’ ಆದಳು. 1941ರ ಏಪ್ರಿಲ್‌ನಲ್ಲಿ ಕರಿಚಿರತೆಯ ವೇಷ ತೊಟ್ಟ ‘ಮಿಸ್ ಫ್ಯೂರಿ’ಯನ್ನು ಸೃಷ್ಟಿಸಿದವಳು ಜೂನ್ ಟಾರ್ಪೆ ಮಿಲ್ಸ್. ವಂಡರ್ ವುಮನ್ ಹುಟ್ಟುವುದಕ್ಕೆ ಎಂಟು ತಿಂಗಳು ಮುಂಚಿನ ಮಾತು. ಅವಳು ‘ಜೂನ್’ ಎಂಬುದನ್ನು ಕೈಬಿಟ್ಟು ‘ಟಾರ್ಪೆ ಮಿಲ್ಸ್’ ಎಂದಷ್ಟೇ ಸಹಿ ಮಾಡುತ್ತಿದ್ದಳು. ಹತ್ತು ಮಂದಿಯನ್ನು ಒಂದೇ ಏಟಿಗೆ ಕೆಡಹುವ ನಾಯಕಿಯನ್ನು ಓದುಗ ಒಪ್ಪುತ್ತಾನೆ, ಅವಳನ್ನು ಬರೆದದ್ದು ಹೆಣ್ಣು ಎಂದರೆ ಮಾತ್ರ ಒಪ್ಪುವುದಿಲ್ಲ ಎಂಬ ಭಯ ಅಂದು ಎಲ್ಲರಲ್ಲೂ ಇತ್ತು. ಲಿಲಿಯ ‘ಎಲ್.’ ಎಂಬ ಒಂದಕ್ಷರದ ಸಹಿಯನ್ನು ಈ ಸಾಲಿನಲ್ಲಿಟ್ಟು ನೋಡಬೇಕು.

ಲಿಲಿ ರೆನೆ ವಿಲ್‌ಹೈಮ್ ಹುಟ್ಟಿದ್ದು 1921ರ ಮೇ 12ರಂದು. ತಂದೆ ಹಾಲೆಂಡ್–ಅಮೆರಿಕಾ ಹಡಗು ಸಂಸ್ಥೆಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದರು. ಅನುಕೂಲಸ್ಥ ಮನೆ. ಬಾಲ್ಯದಲ್ಲಿ ಅವಳು ಕಂಡದ್ದು ಸಂಗೀತ ನಾಟಕಗಳು, ಬ್ಯಾಲೆ ನೃತ್ಯ, ವಸ್ತು ಸಂಗ್ರಹಾಲಯಗಳು. ಕಾಗದ ಸಿಕ್ಕಲ್ಲೆಲ್ಲ ಚಿತ್ರ ಬರೆಯುವ ಹುಡುಗಿ. 1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾದೊಳಗೆ ನುಗ್ಗಿದಾಗ ಅವಳಿಗೆ ಹದಿನಾರು ದಾಟಿ ಹದಿನೇಳು ತುಂಬುತ್ತಿತ್ತು. ಸೇನೆ ಬಂದ ಕೆಲವೇ ದಿನಗಳಲ್ಲಿ ವಿಯೆನ್ನಾದ ಬೀದಿಗಳಲ್ಲಿ ಯಹೂದಿಗಳನ್ನು ಮೊಣಕಾಲೂರಿಸಿ ಕಲ್ಲುಹಾಸು ಉಜ್ಜಿಸಲಾಯಿತು. ಅದನ್ನು ನೋಡಲು ಗುಂಪುಗೂಡಿ ನಗುತ್ತಿದ್ದವರು ಹೊರಗಿನಿಂದ ಬಂದವರಲ್ಲ, ನಿನ್ನೆಯವರೆಗಿನ ನೆರೆಹೊರೆಯವರೇ. ಅದೇ ವರ್ಷ ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಬೀದಿ ತುಂಬ ಚೆಲ್ಲಿತು.

ಆ ರಾತ್ರಿಯ ಬಳಿಕ ಬ್ರಿಟನ್ ಒಂದು ತೀರ್ಮಾನ ಮಾಡಿತು. ಹದಿನೇಳು ವರ್ಷದವರೆಗಿನ ಮಕ್ಕಳನ್ನು, ಹೆತ್ತವರಿಲ್ಲದೆ ಒಂಟಿಯಾಗಿ, ಒಳಗೆ ಬಿಡುವುದು. ಮೊದಲ ತಂಡ 1938ರ ಡಿಸೆಂಬರ್ 2ರಂದು ಇಂಗ್ಲೆಂಡಿನ ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಯುದ್ಧ ಆರಂಭವಾಗಿ ದಾರಿ ಮುಚ್ಚುವವರೆಗೆ, ಅಂದರೆ ಒಂಬತ್ತು ತಿಂಗಳಲ್ಲಿ, ಸುಮಾರು 10,000 ಮಕ್ಕಳು ಹೀಗೆ ಪಾರಾದರು. ‘ಕಿಂಡರ್‌ಟ್ರಾನ್ಸ್‌ಪೋರ್ಟ್’ ಎಂದು ಚರಿತ್ರೆಯಲ್ಲಿ ಅದಕ್ಕೆ ಹೆಸರು. ಮಕ್ಕಳು ಪಾರಾದರು ಎಂಬುದು ನಿಜ. ರೈಲು ನಿಲ್ದಾಣದಲ್ಲಿ ಕೈಬೀಸಿದ ಅಪ್ಪ ಅಮ್ಮಂದಿರನ್ನು ಅವರಲ್ಲಿ ಅನೇಕರು ಮತ್ತೆಂದೂ ನೋಡಲಿಲ್ಲ ಎಂಬುದೂ ಅಷ್ಟೇ ನಿಜ. ಲಿಲಿ 1939ರಲ್ಲಿ ಈ ಮಕ್ಕಳ ರೈಲು ಹತ್ತಿದಳು. ವಯಸ್ಸಿನ ಮಿತಿಗೆ ಅವಳು ಅಂಚಿನಲ್ಲಿದ್ದಳು.

ಹೋಗಿ ಸೇರಿದ್ದು ಲೀಡ್ಸ್ ಪಟ್ಟಣದ ಒಂದು ಮನೆಗೆ. ಆ ಮನೆಯ ಮಗಳು ಲಿಲಿಯ ಪತ್ರಸ್ನೇಹಿತೆ. ಮನೆಯೊಡತಿ ಮಾತ್ರ ಬಂದ ಅತಿಥಿಯನ್ನು ಸಂಬಳವಿಲ್ಲದ ಕೆಲಸದವಳಂತೆ ನಡೆಸಿಕೊಂಡಳು. ಲಿಲಿ ಆ ಮನೆ ಬಿಟ್ಟು ತಾನೇ ಕೆಲಸ ಹುಡುಕಿಕೊಂಡಳು. ಹೆರಿಗೆ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಶಿಶುಗಳನ್ನು ನೋಡಿಕೊಂಡಳು. ವಿಯೆನ್ನಾದಲ್ಲಿ ತಾನೇ ಸೇವಕಿಯರಿಂದ ಉಪಚಾರ ಪಡೆದು ಬೆಳೆದವಳಿಗೆ ಇದೊಂದು ಹೊಸ ಶಾಲೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾಯಿತು. ಅಂದಿನಿಂದ ಬ್ರಿಟನ್ನಿನ ಕಾನೂನಿನಲ್ಲಿ ಲಿಲಿ ಒಬ್ಬ ‘ಶತ್ರು ದೇಶದ ಪರಕೀಯಳು’. ಆಸ್ಟ್ರಿಯಾ ಈಗ ಜರ್ಮನಿಯ ಭಾಗ, ಜರ್ಮನಿ ಶತ್ರು, ಆದ್ದರಿಂದ ಇವಳೂ ಶತ್ರು. ಹಿಟ್ಲರ್ ತನ್ನ ದೇಶದವಳಲ್ಲ ಎಂದು ಹೊರಹಾಕಿದವಳನ್ನು ಬ್ರಿಟನ್ ಹಿಟ್ಲರನ ದೇಶದವಳೆಂದು ಗುರುತಿಸಿತು. 70,000ಕ್ಕೂ ಹೆಚ್ಚು ಜರ್ಮನ್ ಮತ್ತು ಆಸ್ಟ್ರಿಯನ್ನರನ್ನು ವಿಚಾರಣಾ ಮಂಡಳಿಗಳ ಮುಂದೆ ನಿಲ್ಲಿಸಿ ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಕ್ಯಾಮೆರಾ, ಬೈಸಿಕಲ್ಲು, ಭೂಪಟ ಇಟ್ಟುಕೊಳ್ಳಲೂ ಅನೇಕರಿಗೆ ಪೊಲೀಸರ ಅನುಮತಿ ಬೇಕಾಗುತ್ತಿತ್ತು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತಾಗ ಭೀತಿ ಹೆಚ್ಚಿ, ಸಾವಿರಾರು ನಿರಾಶ್ರಿತರನ್ನು ಐಲ್ ಆಫ್ ಮ್ಯಾನ್ ದ್ವೀಪದ ಮುಳ್ಳುತಂತಿಯೊಳಗೆ ತಳ್ಳಲಾಯಿತು. ಅವರಲ್ಲಿ ಹಲವರು ನಾಜಿಗಳ ಸೆರೆಶಿಬಿರದಿಂದಲೇ ಬಿಡುಗಡೆಯಾಗಿ ಬಂದಿದ್ದವರು. ‘ಶತ್ರು ದೇಶದವರು’ ಎಂಬ ಈ ಹಣೆಪಟ್ಟಿ ನಮ್ಮ ಕರಾವಳಿಗೂ ಅಪರಿಚಿತವಲ್ಲ. ಮೊದಲ ಮಹಾಯುದ್ಧದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಜರ್ಮನರನ್ನು ಬ್ರಿಟಿಷ್ ಸರಕಾರ ಇದೇ ಹೆಸರಿನಲ್ಲಿ ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಿ, ಅವರ ಹೆಂಚಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತ್ತು. ಒಬ್ಬ ಮನುಷ್ಯ ಏನು ಮಾಡಿದ್ದಾನೆ ಎಂದು ಕೇಳುವುದಕ್ಕಿಂತ ಎಲ್ಲಿಂದ ಬಂದಿದ್ದಾನೆ ಎಂದು ಕೇಳುವುದು ಸರಕಾರಗಳಿಗೆ ಯಾವಾಗಲೂ ಸುಲಭ.

ಲಿಲಿಯ ಅದೃಷ್ಟ ಚೆನ್ನಾಗಿತ್ತು. ತಂದೆ ತಾಯಿ ಅಮೆರಿಕ ತಲುಪಿದ್ದಾರೆಂಬ ಸುದ್ದಿ ಸಿಕ್ಕಿತು. ಜಲಾಂತರ್ಗಾಮಿಗಳ ಭಯದ ನಡುವೆ ಅಟ್ಲಾಂಟಿಕ್ ದಾಟಿ, 1940ರಲ್ಲಿ ಅವಳು ನ್ಯೂಯಾರ್ಕಿನಲ್ಲಿ ಅವರನ್ನು ಕೂಡಿಕೊಂಡಳು. ಹಡಗು ಸಂಸ್ಥೆಯ ಅಧಿಕಾರಿಯ ಸಂಸಾರ ಈಗ ಇಕ್ಕಟ್ಟಿನ ಬಾಡಿಗೆ ಕೋಣೆಯಲ್ಲಿತ್ತು. ಮರದ ಪೆಟ್ಟಿಗೆಗಳ ಮೇಲೆ ಆಸ್ಟ್ರಿಯಾದ ಹಳ್ಳಿ ಚಿತ್ತಾರ ಬಿಡಿಸುವುದು, ಅಂಗಡಿಯ ಸಾಮಾನಿನ ಪಟ್ಟಿಗೆ ಚಿತ್ರ ಬರೆದುಕೊಡುವುದು ಹೀಗೆ ಲಿಲಿ ಸಿಕ್ಕ ಕೆಲಸ ಮಾಡಿದಳು. ಒಂದು ದಿನ ತಾಯಿ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡರು: ಕಾಮಿಕ್ಸ್ ಚಿತ್ರಕಾರರು ಬೇಕಾಗಿದ್ದಾರೆ. ಒಪೆರಾ ನೋಡಿ ಬೆಳೆದ ಹುಡುಗಿಗೆ ಕಾಮಿಕ್ಸ್ ಬಗ್ಗೆ ಗೌರವವಿರಲಿಲ್ಲ. ಆದರೆ ಮನೆಬಾಡಿಗೆ ಕಟ್ಟಬೇಕಿತ್ತು.

ಫಿಕ್ಷನ್ ಹೌಸ್ ಆ ಹೊತ್ತಿಗೆ ‘ಜಂಬೋ’, ‘ಜಂಗಲ್’, ‘ಪ್ಲಾನೆಟ್’, ‘ಫೈಟ್’, ‘ವಿಂಗ್ಸ್’, ‘ರೇಂಜರ್ಸ್’ ಎಂಬ ಆರು ಮಾಲಿಕೆಗಳನ್ನು ಹೊರತರುತ್ತಿತ್ತು. ಗಂಡು ಚಿತ್ರಕಾರರು ಒಬ್ಬೊಬ್ಬರಾಗಿ ಸೇನೆಗೆ ಕರೆಸಿಕೊಳ್ಳಲ್ಪಡುತ್ತಿದ್ದರು. ಕಾರ್ಖಾನೆಗಳಲ್ಲಿ ಆದಂತೆಯೇ ಇಲ್ಲೂ ಖಾಲಿ ಕುರ್ಚಿಗಳಿಗೆ ಹೆಂಗಸರು ಬಂದರು. ರೂತ್ ಅಟ್ಕಿನ್ಸನ್, ಫ್ರಾನ್ ಹಾಪರ್, ಮಾರ್ಸಿಯಾ ಸ್ನೈಡರ್ ಮೊದಲಾದವರು ಅಲ್ಲಿ ದುಡಿದರು. ಆ ಕಾಲದಲ್ಲಿ ಇಷ್ಟು ಮಹಿಳಾ ಚಿತ್ರಕಾರರಿಗೆ ಕೆಲಸ ಕೊಟ್ಟ ಕಾಮಿಕ್ಸ್ ಸಂಸ್ಥೆ ಇನ್ನೊಂದಿರಲಿಲ್ಲ. ಲಿಲಿಗೆ ಮೊದಲು ಸಿಕ್ಕ ಕೆಲಸ ಇತರರ ಪುಟಗಳ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಅಳಿಸುವುದು. ಗಂಡಸರ ಚೇಷ್ಟೆಯ ಮಾತುಗಳ ನಡುವೆ ಆ ಕಚೇರಿಯ ಮೊದಲ ದಿನಗಳು ತನಗೆ ಹಿಂಸೆಯಾಗಿದ್ದವು ಎಂದು ಅವಳು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ.

ರಬ್ಬರಿನಿಂದ ಕುಂಚಕ್ಕೆ ಬಡ್ತಿ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಲು ‘ಜೇನ್ ಮಾರ್ಟಿನ್’ ಎಂಬ ಯುದ್ಧಕಾಲದ ವಿಮಾನ ಚಾಲಕಿಯ ಕಥೆ. ಆಮೇಲೆ ‘ತೋಳಮಾನವ ಬೇಟೆಗಾರ’ ಎಂಬ ಭೂತಪ್ರೇತದ ಸರಣಿ. ಅದನ್ನು ಬೇರೆ ಯಾರೂ ಮುಟ್ಟಲು ಇಷ್ಟಪಡದಿದ್ದುದರಿಂದ ಅವಳ ಪಾಲಿಗೆ ಬಂತಂತೆ. ತೋಳ ಬರೆಯುವುದು ತನಗೆ ಹಿಡಿಸದೆ, ಕಥೆಗಾರನನ್ನೇ ಒಲಿಸಿ ತೋಳಗಳನ್ನು ಕಡಿಮೆ ಮಾಡಿಸಿದಳು. ಪುಟದ ಚೌಕಟ್ಟುಗಳನ್ನು ಒಡೆದು, ಬಾಗಿಸಿ, ನಾಟಕದ ತೆರೆಯಂತೆ ಜೋಡಿಸಿದ ಆ ಪುಟಗಳಲ್ಲಿ ವಿಯೆನ್ನಾದ ರಂಗಮಂದಿರಗಳ ನೆನಪು ಎದ್ದು ಕಾಣುತ್ತದೆ. ‘ಪ್ಲಾನೆಟ್ ಕಾಮಿಕ್ಸ್’ನ ‘ಕಳೆದುಹೋದ ಲೋಕ’ದಲ್ಲಿ ಅನ್ಯಗ್ರಹದವರು ಹಾಳುಗೆಡವಿದ ಭೂಮಿಯ ನಗರಗಳನ್ನು ಅವಳು ಬರೆದಳು. ಆ ವರ್ಷಗಳಲ್ಲಿ ಯುರೋಪಿನ ನಗರಗಳ ಗತಿ ಏನಾಗಿತ್ತು ಎಂದು ತಿಳಿದವರಿಗೆ ಅದು ಬರೀ ಕಟ್ಟುಕಥೆಯಾಗಿ ಕಾಣಲಾರದು.

ಆದರೆ ಅವಳ ಹೆಸರು ಉಳಿದಿರುವುದು ಸೆನ್ಯೊರೀಟಾ ರಿಯೋಳಿಂದ. ಈ ಪಾತ್ರವನ್ನು ಹುಟ್ಟುಹಾಕಿದ್ದು ಲಿಲಿ ಅಲ್ಲ. 1942ರ ‘ಫೈಟ್ ಕಾಮಿಕ್ಸ್’ 19ನೇ ಸಂಚಿಕೆಯಲ್ಲಿ ನಿಕ್ ವಿಸ್ಕಾರ್ಡಿ, ಮುಂದೆ ನಿಕ್ ಕಾರ್ಡಿ ಎಂದು ಪ್ರಸಿದ್ಧನಾದವನು, ಅದನ್ನು ಮೊದಲು ಚಿತ್ರಿಸಿದ. ಅವನು ಸೇನೆಗೆ ಹೋದ ಮೇಲೆ, 1944ರ ಹೊತ್ತಿಗೆ ಪಾತ್ರ ಲಿಲಿಯ ಕೈಗೆ ಬಂತು. ಕಥೆ ಹೀಗೆ: ರೀಟಾ ಫರಾರ್ ಎಂಬ ಹಾಲಿವುಡ್ ನಟಿಯ ಭಾವೀ ಪತಿ ಪರ್ಲ್ ಹಾರ್ಬರ್ ದಾಳಿಯಲ್ಲಿ ಸಾಯುತ್ತಾನೆ. ಅವಳು ಆತ್ಮಹತ್ಯೆಯ ನಾಟಕವಾಡಿ ಲೋಕದ ಕಣ್ಣಿಗೆ ಸತ್ತವಳಾಗುತ್ತಾಳೆ. ಬಳಿಕ ಅಮೆರಿಕದ ಗೂಢಚಾರಿಣಿಯಾಗಿ ದಕ್ಷಿಣ ಅಮೆರಿಕದಲ್ಲಿ ಓಡಾಡುತ್ತಾ ನಾಜಿ ಏಜೆಂಟರನ್ನು ಬೇಟೆಯಾಡುತ್ತಾಳೆ.

ದಕ್ಷಿಣ ಅಮೆರಿಕವೇ ಏಕೆ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. 1933ರಲ್ಲಿ ಅಧ್ಯಕ್ಷನಾದ ರೂಸ್ವೆಲ್ಟ್ ದಕ್ಷಿಣದ ದೇಶಗಳೊಂದಿಗೆ ‘ಒಳ್ಳೆಯ ನೆರೆಹೊರೆ’ ನೀತಿ ಘೋಷಿಸಿದ್ದ. ಬ್ರೆಜಿಲ್, ಅರ್ಜೆಂಟೀನಾ, ಚಿಲಿಗಳಲ್ಲಿ ದೊಡ್ಡ ಜರ್ಮನ್ ವಲಸೆ ಸಮುದಾಯಗಳಿದ್ದವು, ಜರ್ಮನಿಯ ಗೂಢಚಾರ ಜಾಲವೂ ಇತ್ತು. ಬ್ರೆಜಿಲ್ ತನ್ನ ಹಡಗುಗಳು ಮುಳುಗಿಸಲ್ಪಟ್ಟ ಮೇಲೆ 1942ರ ಆಗಸ್ಟ್‌ನಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ಹೊತ್ತಿನಲ್ಲಿ ಹಾಲಿವುಡ್ ಕಾರ್ಮೆನ್ ಮಿರಾಂಡಾಳ ತಲೆಯ ಮೇಲೆ ಹಣ್ಣಿನ ಬುಟ್ಟಿಯಿಟ್ಟು ಕುಣಿಸುತ್ತಿತ್ತು. ರಿಯೋ ಈ ಎಲ್ಲದರ ಮಿಶ್ರಣ. ಅಮೆರಿಕದವರಿಗೆ ನೆರೆಮನೆಯ ಬಗ್ಗೆ ಎಷ್ಟು ಗೊತ್ತಿತ್ತು ಎನ್ನುವುದಕ್ಕೆ ಅವಳ ಹೆಸರೇ ಸಾಕ್ಷಿ. ರಿಯೋ ನಗರವಿರುವ ಬ್ರೆಜಿಲಿನ ಭಾಷೆ ಪೋರ್ಚುಗೀಸ್. ‘ಸೆನ್ಯೊರೀಟಾ’ ಸ್ಪ್ಯಾನಿಷ್ ರೂಪ. ಕನ್ನಡಿಗನೊಬ್ಬನಿಗೆ ತೆಲುಗಿನ ಗೌರವಸೂಚಕ ಅಂಟಿಸಿದಂತೆ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಲಿಲಿಯ ಪಾಲಿಗೆ ಈ ಪಾತ್ರ ಏನಾಗಿತ್ತು ಎಂಬುದು ಮುಖ್ಯ. ರಿಯೋಗೆ ಬೇಕುಬೇಕಾದ ಬಟ್ಟೆಗಳಿವೆ, ತುಪ್ಪಳದ ಕೋಟಿದೆ, ಎತ್ತರದ ಹಿಮ್ಮಡಿಯ ಬೂಟಿದೆ, ಯಾರ ಭಯವೂ ಇಲ್ಲ. ಅವಳನ್ನು ಬರೆಯುತ್ತಿದ್ದವಳ ಬಳಿ ತಿರುಗಿಸಿ ಮರುಗಿಸಿ ತೊಡುವ ಕೆಲವೇ ಉಡುಪುಗಳಿದ್ದವು. ತನಗಿಲ್ಲದ್ದೆಲ್ಲವೂ ರಿಯೋಗೆ ಸಿಕ್ಕಿತು ಎಂಬರ್ಥದ ಮಾತನ್ನು ಅವಳು ಇಳಿವಯಸ್ಸಿನ ಸಂದರ್ಶನಗಳಲ್ಲಿ ಆಡಿದ್ದಾಳೆ. ಬೀದಿಯಲ್ಲಿ ಎದುರು ಮಾತಾಡದೆ ತಲೆತಗ್ಗಿಸಿ ನಡೆಯಬೇಕಾಗಿದ್ದ ಹುಡುಗಿಗೆ ಈಗ ಪ್ರತಿ ಸಂಚಿಕೆಯಲ್ಲೂ ನಾಜಿಯೊಬ್ಬನ ಕೆನ್ನೆಗೆ ಬಾರಿಸುವ ಅವಕಾಶ. ಕಾಗದದ ಮೇಲಿನ ಸೇಡು ಎಂದು ಬೇಕಾದರೆ ಕರೆಯಿರಿ. ನಿಜವಾದ ನಾಜಿಗಳನ್ನು ಕಣ್ಣಾರೆ ಕಂಡಿದ್ದ ಚಿತ್ರಕಾರರು ಆ ಉದ್ಯಮದಲ್ಲಿ ಎಷ್ಟು ಮಂದಿ ಇದ್ದಿರಬಹುದು? ಗುರುತು ಬದಲಿಸಿ, ಹಳೆಯ ಬದುಕನ್ನು ಸತ್ತಿತೆಂದು ಬಿಟ್ಟು, ಪರದೇಶದಲ್ಲಿ ಹೊಸ ಹೆಸರಿನಲ್ಲಿ ಬದುಕುವ ನಾಯಕಿಯ ಕಷ್ಟವನ್ನೂ ಅವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಹಾಗೆಂದು ಈ ಪುಟಗಳನ್ನು ಕಣ್ಣುಮುಚ್ಚಿ ಮೆಚ್ಚಲಾಗದು. ಫಿಕ್ಷನ್ ಹೌಸ್‌ಗೆ ಒಂದು ಸೂತ್ರವಿತ್ತು. ಮುಖಪುಟದಲ್ಲಿ ಅರೆಬಟ್ಟೆಯ ಹೆಣ್ಣು ಇರಬೇಕು, ಒಳಪುಟದಲ್ಲಿ ಅವಳು ಜಿಗಿಯುವಾಗ, ಬೀಳುವಾಗ, ಕಟ್ಟಿಹಾಕಲ್ಪಟ್ಟಾಗ ಓದುಗನ ಕಣ್ಣು ಅವಳ ಮೈಮೇಲೆ ನಿಲ್ಲುವಂತಿರಬೇಕು. ಅವಳ ಕೈಗೆ ಬಂದೂಕು ಕೊಟ್ಟರು, ಮೈಮೇಲಿನ ಬಟ್ಟೆ ಕಿತ್ತುಕೊಂಡರು. ಹೆಣ್ಣಿಗೆ ಶಕ್ತಿ ಕೊಟ್ಟಂತೆ ತೋರಿಸಿ ಅವಳನ್ನು ಸರಕಾಗಿಸುವ ಈ ಜಾಣತನ ಇಂದಿನ ಜಾಹೀರಾತು ಲೋಕಕ್ಕೂ ಚೆನ್ನಾಗಿ ತಿಳಿದಿದೆ. ಲಿಲಿಯೂ ಆ ಸೂತ್ರದೊಳಗೇ ಕೆಲಸ ಮಾಡಿದಳು. ಸಂಬಳ ಕೊಡುವವರು ಬೇರೆ. ಆದರೂ ಅವಳ ರಿಯೋಳನ್ನು ಅದೇ ಸಂಸ್ಥೆಯ ಇತರರು ಬರೆದ ನಾಯಕಿಯರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಅವಳ ಗೆರೆಯಲ್ಲಿ ಉಡುಪಿನ ಮಡಿಕೆಗೆ, ಟೋಪಿಯ ಅಂಚಿಗೆ, ಮುಖದ ಆಲೋಚನೆಗೆ ಜಾಗವಿದೆ. ರಿಯೋ ನೋಡಿಸಿಕೊಳ್ಳುವವಳಷ್ಟೇ ಅಲ್ಲ, ಎದುರಿಗಿದ್ದವರನ್ನು ನೋಡುವವಳೂ ಹೌದು.

ಆ ದಿನಗಳಲ್ಲಿ ನಿಜವಾದ ಗೂಢಚಾರಿಣಿಯರು ಹೇಗಿದ್ದರು ಎಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತು. ಸೂಫಿ ಗುರು, ಸಂಗೀತಗಾರ ಹಜರತ್ ಇನಾಯತ್ ಖಾನರ ಮಗಳು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದವಳು. ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದಳು. 1939ರಲ್ಲಿ ಜಾತಕ ಕಥೆಗಳ ಅವಳ ಪುಸ್ತಕ ಪ್ರಕಟವಾಗಿತ್ತು. ಫ್ರಾನ್ಸ್ ಬಿದ್ದಾಗ ಅವಳೂ ನಿರಾಶ್ರಿತಳಾಗಿ ಇಂಗ್ಲೆಂಡಿಗೆ ಓಡಿಬಂದವಳೇ. ಬ್ರಿಟನ್ನಿನ ರಹಸ್ಯ ದಳ ಅವಳನ್ನು 1943ರ ಜೂನ್‌ನಲ್ಲಿ ನಾಜಿ ಆಕ್ರಮಿತ ಫ್ರಾನ್ಸಿಗೆ ಕಳುಹಿಸಿತು. ಗಂಡಸರ ಹೊರತಾಗಿ ಹೆಂಗಸೊಬ್ಬಳನ್ನು ವೈರ್‌ಲೆಸ್ ಆಪರೇಟರ್ ಆಗಿ ಅಲ್ಲಿಗೆ ಕಳುಹಿಸಿದ್ದು ಅದೇ ಮೊದಲು. ಜೊತೆಗಾರರೆಲ್ಲ ಸೆರೆಸಿಕ್ಕ ಮೇಲೂ ಪ್ಯಾರಿಸ್ ಬಿಡಲು ಒಪ್ಪದೆ, ಭಾರದ ರೇಡಿಯೋ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆಯುತ್ತಾ ಸಂದೇಶ ಕಳುಹಿಸಿದಳು. ಅಕ್ಟೋಬರ್‌ನಲ್ಲಿ ಸೆರೆ. ತಿಂಗಳುಗಟ್ಟಲೆ ಕೈಕಾಲಿಗೆ ಸರಪಳಿ. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಗುಂಡಿಗೆ ಬಲಿ. ಬ್ರಿಟನ್ ಅವಳಿಗೆ ಜಾರ್ಜ್ ಕ್ರಾಸ್ ಪದಕ ಕೊಟ್ಟದ್ದು 1949ರಲ್ಲಿ.

ನೂರ್ ಸರಪಳಿಯಲ್ಲಿದ್ದ ಅದೇ ವರ್ಷ ರಿಯೋ ‘ಫೈಟ್ ಕಾಮಿಕ್ಸ್’ ಪುಟಗಳಲ್ಲಿ ಹಗ್ಗ ಬಿಚ್ಚಿಕೊಂಡು ಪಾರಾಗುತ್ತಿದ್ದಳು. ಕಾಮಿಕ್ಸ್ ನಾಯಕಿಗೆ ಮುಂದಿನ ಸಂಚಿಕೆ ಇರುತ್ತದೆ. ರಿಯೋ ಕಥೆ ಓದಿದ ಅಮೆರಿಕದ ಹುಡುಗರಿಗೆ ನೂರ್ ಎಂಬ ಹೆಣ್ಣು ಇದ್ದಾಳೆಂಬುದು ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಮಕ್ಕಳ ಕಥೆಗಾರ್ತಿಯೊಬ್ಬಳು ಶತ್ರುಗಳ ನಡುವೆ ವೈರ್‌ಲೆಸ್ ಒತ್ತುತ್ತಾ ಕೂತಿದ್ದಾಳೆ ಎಂದು ಕಾಮಿಕ್ಸ್ ಕಥೆಗಾರನೊಬ್ಬ ಬರೆದಿದ್ದರೆ ಸಂಪಾದಕ ನಂಬಲು ಕಷ್ಟವೆಂದು ಹಿಂದಕ್ಕೆ ಕೊಡುತ್ತಿದ್ದನೋ ಏನೋ.

ಯುದ್ಧ ಮುಗಿಯಿತು. ಗಂಡಸರು ಸಮವಸ್ತ್ರ ಕಳಚಿ ಹಳೆಯ ಕುರ್ಚಿಗಳಿಗೆ ಮರಳಿದರು. ಕಾರ್ಖಾನೆಗಳಿಂದ ಹೆಂಗಸರನ್ನು ಕಳುಹಿಸಿದಂತೆ ಕಾಮಿಕ್ಸ್ ಸಂಸ್ಥೆಗಳಲ್ಲೂ ಅವರ ಸಂಖ್ಯೆ ಕರಗಿತು. ಸಾಹಸದ ಕಥೆಗಳ ಬದಲು ಪ್ರೇಮಕಥೆಗಳ ಕಾಮಿಕ್ಸ್ ಮಾರುಕಟ್ಟೆ ಹಿಡಿದವು. ವಿಮಾನ ಹಾರಿಸುತ್ತಿದ್ದ ನಾಯಕಿಯ ಜಾಗದಲ್ಲಿ ದಿಂಬಿನ ಮೇಲೆ ಕಣ್ಣೀರು ಹಾಕುವ ನಾಯಕಿ ಬಂದಳು. ಲಿಲಿ ಇನ್ನೊಂದು ಸಂಸ್ಥೆಗೆ ಹೋಗಿ, ತನ್ನಂತೆ ವಿಯೆನ್ನಾದಿಂದ ಬಂದಿದ್ದ ಚಿತ್ರಕಾರ ಪತಿ ಎರಿಕ್ ಪೀಟರ್ಸ್ ಜೊತೆ ಆಬಟ್–ಕಾಸ್ಟೆಲ್ಲೊ ಎಂಬ ಹಾಸ್ಯ ಜೋಡಿಯ ಕಾಮಿಕ್ಸ್ ಬರೆದಳು. 1940ರ ದಶಕ ಮುಗಿಯುವಷ್ಟರಲ್ಲಿ ಈ ರಂಗವನ್ನೇ ಬಿಟ್ಟಳು. ಆಮೇಲಿನ ಬದುಕಿನಲ್ಲಿ ಮರುಮದುವೆ, ಮಕ್ಕಳು, ಮಕ್ಕಳ ಪುಸ್ತಕಗಳು, ನಾಟಕ ರಚನೆ. ಕಾಮಿಕ್ಸ್ ಬರೆದಿದ್ದೆ ಎಂದು ಹೇಳಿಕೊಳ್ಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಅದು ಹೊಟ್ಟೆಪಾಡಿಗೆ ಮಾಡಿದ ಕೆಲಸವಾಗಿತ್ತು.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದ. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಅದೇ ವರ್ಷ ಉದ್ಯಮ ತನ್ನ ಮೇಲೆ ತಾನೇ ಒಂದು ಕಟ್ಟುನಿಟ್ಟಿನ ಸಂಹಿತೆ ಹೇರಿಕೊಂಡಿತು. ಫಿಕ್ಷನ್ ಹೌಸ್ ಬಾಗಿಲು ಹಾಕಿತು. ವರ್ಥಾಮ್‌ನನ್ನು ಕಾಮಿಕ್ಸ್ ಅಭಿಮಾನಿಗಳು ಖಳನಾಯಕನಂತೆ ಕಾಣುತ್ತಾರೆ. ಅವನ ವಾದದಲ್ಲಿ ಅತಿರೇಕವಿತ್ತು, ತನ್ನ ರೋಗಿಗಳ ಮಾತನ್ನು ತಿರುಚಿದ್ದನೆಂದು ಅವನ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧನೆ 2012ರಲ್ಲಿ ತೋರಿಸಿತು ಕೂಡ. ಆದರೆ ಕಾಡಿನ ಕಾಮಿಕ್ಸ್‌ಗಳು ಕರಿಯರನ್ನು ತೋರಿಸುವ ರೀತಿ ಮಕ್ಕಳ ಮನಸ್ಸಿನಲ್ಲಿ ವಿಷ ಬಿತ್ತುತ್ತದೆ ಎಂದು ಅಂದೇ ಹೇಳಿದವನೂ ಅವನೇ. ಹಾರ್ಲೆಮ್‌ನ ಬಡ ಕರಿಯರಿಗಾಗಿ ಚಿಕಿತ್ಸಾಲಯ ನಡೆಸಿದ ವೈದ್ಯ ಅವನು. ಆ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಂಹಿತೆ ಬಂದ ಮೇಲೆ ನಾಯಕಿಯರ ಬಟ್ಟೆ ಉದ್ದವಾಯಿತು, ಅವರ ಸಾಹಸ ಗಿಡ್ಡವಾಯಿತು.

ಲಿಲಿಯನ್ನು ಮತ್ತೆ ಬೆಳಕಿಗೆ ತಂದವರು ಟ್ರಿನಾ ರಾಬಿನ್ಸ್. ತಾವೇ ಚಿತ್ರಕಾರ್ತಿಯಾಗಿದ್ದ ರಾಬಿನ್ಸ್ 1985ರಿಂದ ಕಾಮಿಕ್ಸ್ ರಂಗದ ಮಹಿಳೆಯರ ಇತಿಹಾಸವನ್ನು ಪುಸ್ತಕದ ಮೇಲೆ ಪುಸ್ತಕವಾಗಿ ಬರೆದರು. ಈ ಕಲೆಯಲ್ಲಿ ಹೆಂಗಸರು ಇರಲೇ ಇಲ್ಲ ಎಂದು ಉಡಾಫೆಯಿಂದ ಹೇಳುತ್ತಿದ್ದವರ ಮುಂದೆ ಒಂದೊಂದೇ ಹೆಸರನ್ನು ಹಳೆಯ ಸಂಚಿಕೆಗಳಿಂದ ಹೆಕ್ಕಿ ಇಟ್ಟರು. ‘ಎಲ್. ರೆನೆ’ ಅಂಥದೊಂದು ಹೆಸರು. ಆ ಸಹಿಯ ಹಿಂದಿದ್ದ ವೃದ್ಧೆ ನ್ಯೂಯಾರ್ಕಿನಲ್ಲೇ ಇದ್ದಾರೆಂದು ತಿಳಿದಾಗ ಅವರನ್ನು ಭೇಟಿಯಾದರು. 2007ರಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್ಸ್ ಮಹಾಮೇಳಕ್ಕೆ ಲಿಲಿ ಅತಿಥಿಯಾಗಿ ಬಂದರು. ಆಗ ಅವರಿಗೆ 86. ಅರವತ್ತು ವರ್ಷಗಳ ಹಿಂದೆ ತಾವು ಬರೆದ ಪುಟಗಳನ್ನು ಜೋಪಾನ ಮಾಡಿಟ್ಟುಕೊಂಡವರು ಇದ್ದಾರೆಂಬುದು ಅವರಿಗೆ ಅಚ್ಚರಿಯ ಸಂಗತಿಯಾಗಿತ್ತು. 2011ರಲ್ಲಿ ರಾಬಿನ್ಸ್ ಅವರ ಬದುಕನ್ನೇ ಚಿತ್ರಕಥೆಯಾಗಿಸಿ ಮಕ್ಕಳಿಗಾಗಿ ಪುಸ್ತಕ ತಂದರು. ವಿಯೆನ್ನಾ, ರೈಲು, ಲೀಡ್ಸ್, ಆಸ್ಪತ್ರೆ, ನ್ಯೂಯಾರ್ಕ್: ರಿಯೋಳ ಯಾವ ಸಾಹಸಕ್ಕೂ ಕಡಿಮೆಯಿಲ್ಲದ ಕಥೆ. 2021ರಲ್ಲಿ ಅಮೆರಿಕದ ಕಾಮಿಕ್ಸ್ ರಂಗದ ದೊಡ್ಡ ಗೌರವವಾದ ಐಸ್ನರ್ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. 2022ರ ಆಗಸ್ಟ್ 24ರಂದು, 101ನೇ ವಯಸ್ಸಿನಲ್ಲಿ, ಲಿಲಿ ತೀರಿಕೊಂಡರು. ರಾಬಿನ್ಸ್ ತೀರಿಕೊಂಡದ್ದು 2024ರ ಏಪ್ರಿಲ್‌ನಲ್ಲಿ.

ಇದಕ್ಕೆ ಮುಂಚೆ, 2019ರಲ್ಲಿ, ವಿಯೆನ್ನಾದ ಯಹೂದಿ ಸಂಗ್ರಹಾಲಯ ಒಂದು ಪ್ರದರ್ಶನ ಏರ್ಪಡಿಸಿತ್ತು. ಆ ನಗರದಿಂದ ಓಡಿಸಲ್ಪಟ್ಟ ಮೂವರು ಚಿತ್ರಕಾರರ ಕೃತಿಗಳ ಪ್ರದರ್ಶನ ಅದು. ಬಿಲ್ ಸ್ಪಿರಾ, ಪಾಲ್ ಪೀಟರ್ ಪೋರ್ಗೆಸ್ ಜೊತೆಗೆ ಮೂರನೆಯವರಾಗಿ ಲಿಲಿ ಇದ್ದರು. ಪ್ರದರ್ಶನದ ಶೀರ್ಷಿಕೆಯಲ್ಲಿ ಮೂವರ ಹೆಸರುಗಳ ಪೈಕಿ ಮೊದಲು ಇದ್ದದ್ದು ಅವರದೇ. ‘ಎಲ್.’ ಎಂದಲ್ಲ, ಲಿಲಿ ರೆನೆ ಎಂದು ಪೂರ್ತಿಯಾಗಿ.